ಬೆಳ್ಳಿ ನೀರನ್ನು ನಾಳೆಗೆ ಇಡುವಂತಿಲ್ಲ

ಕನ್ನಡಿ ಕಾರ್ಖಾನೆಯಲ್ಲಿ ಸಿಲ್ವರಿಂಗ್ ವಿಭಾಗ ನನ್ನ ಜವಾಬ್ದಾರಿ. ಗಾಜಿಗೆ ಬೆಳ್ಳಿ ಹಿಡಿಸಲು ಸಿಲ್ವರ್ ನೈಟ್ರೇಟ್, ಅಮೋನಿಯಾ, ಕಾಸ್ಟಿಕ್ ಸೋಡಾ ಬಳಸುತ್ತೇವೆ. ಕೆಲಸ ಮುಗಿದ ಮೇಲೆ ತೊಟ್ಟಿಯಲ್ಲಿ ಉಳಿಯುವುದು ಬರೀ ಕೊಳೆ ನೀರು ಅನ್ನಿಸುತ್ತದೆ. ಆದರೆ ಅದನ್ನು ಸುಮ್ನೆ ಬಿಟ್ಟರೆ ಸಿಲ್ವರ್ ನೈಟ್ರೈಡ್ ಎಂಬ ಕಪ್ಪು ಪದಾರ್ಥ ಕೂಡಿಕೊಳ್ಳಬಹುದು. ಅದು ಸಿಡಿಯಲು ಬೆಂಕಿ ಬೇಕಿಲ್ಲ. ಮುಟ್ಟಿದರೆ, ಡಬ್ಬ ಅಲುಗಿದರೆ ಸಾಕು. ಒದ್ದೆಯಾಗಿದೆ ಅಂತಲೂ ನಂಬುವಂತಿಲ್ಲ.

ಹಾಗಾಗಿ ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಈ ನೀರಿಗೆ ಮುಚ್ಚಳ ಹಾಕಿ ಇಡುವ ಡ್ರಮ್ಮೇ ಇರಬಾರದು. ಉಳಿದದ್ದನ್ನು ಕೂಡಲೇ, ಅದೇ ಶಿಫ್ಟ್‌ನವರೇ ಮುಗಿಸಬೇಕು. ತಯಾರಿಸಿ ಬಳಸದೆ ಉಳಿದ ದ್ರಾವಣಕ್ಕೂ ಇದೇ ಮಾತು. ಬೆಳ್ಳಿ ದುಬಾರಿ, ಚೆಲ್ಲಲು ಮನಸ್ಸು ಬರಲ್ಲ ಅನ್ನುವವರಿಗೆ ನಾನು ಹೇಳುವುದು, ಬೆಳ್ಳಿ ಎಲ್ಲೂ ಹೋಗಲ್ಲ, ವಾಪಸ್ ಸಿಗುತ್ತದೆ.

ಕನ್ನಡಕ, ಮುಖಕ್ಕೆ ಶೀಲ್ಡ್, ಕೈಗವಸು ಹಾಕಿ, ಎಕ್ಸಾಸ್ಟ್ ಫ್ಯಾನ್ ಓಡಿಸಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಅನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತೇವೆ. ಅಮೋನಿಯಾಗೆ ಆಸಿಡ್ ತಾಗಿದಾಗ ಬಿಳಿ ಹೊಗೆ ಏಳುತ್ತದೆ, ನೀರು ಬಿಸಿಯಾಗುತ್ತದೆ. ಅವಸರ ಮಾಡಬಾರದು. ನೀಲಿ ಲಿಟ್ಮಸ್ ಕೆಂಪಗಾಗುವ ಹೊತ್ತಿಗೆ ಒಡೆದ ಹಾಲಿನ ಹಾಗೆ ಬಿಳಿ ಗಟ್ಟಿ ತಳಕ್ಕೆ ಇಳಿಯುತ್ತದೆ. ಅದೇ ಸಿಲ್ವರ್ ಕ್ಲೋರೈಡ್. ಬೆಳಕಿಗೆ ಇಟ್ಟರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆದರೆ ಸಿಡಿಯುವುದಿಲ್ಲ.

ಬರೀ ಉಪ್ಪು ಹಾಕಿದರೆ ಸಾಲದಾ ಅಂತ ಹೊಸಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಅಮೋನಿಯಾ ಇರುವವರೆಗೆ ಸಿಲ್ವರ್ ಕ್ಲೋರೈಡ್ ಅದರಲ್ಲೇ ಕರಗಿಬಿಡುತ್ತದೆ. ಮೊದಲು ಅಮೋನಿಯಾದ ಹಿಡಿತ ತಪ್ಪಿಸಬೇಕು, ಅದಕ್ಕೇ ಆಸಿಡ್. ಬ್ಲೀಚ್ ಅಂತೂ ಹತ್ತಿರವೂ ತರಬಾರದು. ಅದು ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಬರುತ್ತದೆ, ಸಿಡಿಯುವ ಬೇರೆ ಪದಾರ್ಥವೂ ಹುಟ್ಟಬಹುದು.

ನನಗೆ ಜಾಸ್ತಿ ಚಿಂತೆ ತೊಟ್ಟಿಯ ಅಂಚಿನದು. ಅಲ್ಲಿ ಚಿಮ್ಮಿದ ಹನಿಗಳು ಒಣಗಿ ಕಪ್ಪು ಪೊರೆ ಕಟ್ಟುತ್ತವೆ. ಅಂಚು, ಪೈಪಿನ ಬಾಯಿ, ಸ್ಪ್ರೇ ಗನ್ ಎಲ್ಲವನ್ನೂ ಒಣಗುವ ಮೊದಲೇ ನೀರಲ್ಲಿ ತೊಳೆಸುತ್ತೇನೆ. ಆ ನೀರೂ ಆಸಿಡ್ ಬಕೆಟ್ಟಿಗೇ. ಹಳೇ ಪೊರೆ ಕಂಡರೆ ಯಾರೂ ಕೆರೆಯುವಂತಿಲ್ಲ. ಜನರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಸ್ಫೋಟಕ ತಜ್ಞರನ್ನು ಕರೆಸುತ್ತೇವೆ.

ತಳದ ಬಿಳಿ ಗಟ್ಟಿಯನ್ನು ಸೋಸಿ ಬೆಳ್ಳಿ ಶುದ್ಧ ಮಾಡುವವರಿಗೆ ಕೊಡುತ್ತೇವೆ. ಮೇಲಿನ ತಿಳಿಗೆ ಒಂದು ಹನಿ ಉಪ್ಪು ನೀರು ಬಿಟ್ಟು ನೋಡುತ್ತೇವೆ. ಮಬ್ಬಾಗದಿದ್ದರೆ ಮಾತ್ರ ಅದು ತ್ಯಾಜ್ಯ ನೀರಿನ ಘಟಕಕ್ಕೆ ಹೋಗುತ್ತದೆ.