ತುಮಕೂರಿನ ಸಣ್ಣ ಕಟ್ಟಡಕ್ಕೆ ಎಸಿ: ಟನ್ ಕೇಳುವ ಮೊದಲು ಶಾಖ ಎಣಿಸಿ

ಮೂವತ್ತು-ನಲವತ್ತರ ಸೈಟು. ಕೆಳಗೆ ಬಟ್ಟೆ ಅಂಗಡಿ, ನಡುವೆ ಕ್ಲಿನಿಕ್, ಮೇಲೆ ಕೋಚಿಂಗ್ ಕ್ಲಾಸ್. ತುಮಕೂರಿನಲ್ಲಿ ಇಂಥ ಕಟ್ಟಡಕ್ಕೆ ಎಸಿ ಹಾಕಿಸಲು ಹೊರಟರೆ ಮೊದಲು ಕಿವಿಗೆ ಬೀಳುವುದು "ನೂರೈವತ್ತು ಚದರಡಿಗೆ ಒಂದು ಟನ್" ಎಂಬ ಲೆಕ್ಕ. ಆ ಪ್ರಕಾರ 600 ಚದರಡಿಯ ಅಂಗಡಿಗೂ 4 ಟನ್, ಅಷ್ಟೇ ಅಗಲದ ಕ್ಲಾಸ್ ರೂಮಿಗೂ 4 ಟನ್. ಮೇಲೆ ಅದು ಹೇಗೋ ಸರಿಹೋಗುತ್ತದೆ. ಕೆಳಗೆ ಬೇಕಾದ್ದರ ಎರಡು ಪಟ್ಟಿಗಿಂತ ಹೆಚ್ಚು. ಎಸಿ ತೆಗೆಯುವುದು ಶಾಖವನ್ನು, ಚದರಡಿಯನ್ನಲ್ಲ. ಆದ್ದರಿಂದ ಶಾಖ ಎಲ್ಲಿಂದ ಬರುತ್ತದೆ ಎಂದು ಎಣಿಸಿ.

1 ಟನ್ ಎಂದರೆ 3,517 ವ್ಯಾಟ್ ಶಾಖ ಹೊರಹಾಕುವ ಶಕ್ತಿ. ಮೇಲಿನ ಕ್ಲಾಸ್ ರೂಮನ್ನೇ ತೆಗೆದುಕೊಳ್ಳಿ. ಕೂತಿರುವ ಒಬ್ಬರಿಂದ ಸುಮಾರು 120 ವ್ಯಾಟ್. 40 ಮಕ್ಕಳೆಂದರೆ 4,800. ಏಪ್ರಿಲ್ ಮಧ್ಯಾಹ್ನ ಮೂರರ ಮೇಲೆ ಬರಿಯ ಆರ್‌ಸಿಸಿ ತಾರಸಿಯಿಂದ ಸುಮಾರು 4,300. ತಲೆಗೆ ಸೆಕೆಂಡಿಗೆ 5 ಲೀಟರ್ ಹೊರಗಿನ ಗಾಳಿ ಒಳಗೆ ಬಿಟ್ಟರೆ ಅದನ್ನು ತಣಿಸಲು 2,600. ಗೋಡೆ, ಕಿಟಕಿ, ಲೈಟು, ಫ್ಯಾನು ಸೇರಿ 1,800. ಒಟ್ಟು 13,500 ವ್ಯಾಟ್, ಅಂದರೆ 3.8 ಟನ್. ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿದರೆ ಚಾವಣಿಯ ಪಾಲು ಸುಮಾರು ಅರ್ಧಕ್ಕಿಳಿದು ಲೆಕ್ಕ 3.2ಕ್ಕೆ ಬರುತ್ತದೆ. ಸುಣ್ಣವೂ ಆಗುತ್ತದೆ, ಆದರೆ ಮಳೆಗೆ ತೊಳೆದುಹೋಗುವುದರಿಂದ ವರ್ಷವೂ ಮಾರ್ಚ್‌ಗೆ ಮುಂಚೆ ಮತ್ತೆ ಬಳಿಯಬೇಕು.

ಹೊರಗಿನ ಗಾಳಿಯ ಲೆಕ್ಕವನ್ನು ದಯವಿಟ್ಟು ಬಿಡಬೇಡಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಕಿಟಕಿ ಮುಚ್ಚಿದ ರೂಮಿನಲ್ಲಿ 40 ಮಕ್ಕಳು ಒಂದು ಗಂಟೆ ಕೂತರೆ ತೂಕಡಿಕೆ, ತಲೆನೋವು ಶುರು. ಒಂದು ಎಕ್ಸಾಸ್ಟ್ ಫ್ಯಾನ್, ಅದರ ಎದುರು ಗೋಡೆಯಲ್ಲಿ ಜಾಲರಿ ಹಾಕಿದ ಗಾಳಿ ಕಿಂಡಿ ಇರಲಿ. ಕ್ಲಿನಿಕ್‌ಗೂ ಇದೇ ಮಾತು.

ಕೆಳಗಿನ ಅಂಗಡಿಯ ಕಥೆ ಬೇರೆ. ಪಡುವಣಕ್ಕೆ ಮುಖ ಮಾಡಿದ 80 ಚದರಡಿ ಗಾಜಿನಿಂದ ಸಂಜೆ ಹೊತ್ತಿಗೆ 3,700 ವ್ಯಾಟ್ ನುಗ್ಗುತ್ತದೆ. ಜನ, ಲೈಟು, ಬಾಗಿಲು, ಗೋಡೆ ಎಲ್ಲ ಸೇರಿ ಇನ್ನೊಂದು 3,100. ಒಟ್ಟು 6,800, ಅಂದರೆ 1.9 ಟನ್. ಸಜ್ಜ ಇದ್ದರೆ ಸಾಲದು, ನಾಲ್ಕು ಗಂಟೆಯ ನಂತರ ಬಿಸಿಲು ಓರೆಯಾಗಿ ಸಜ್ಜದ ಕೆಳಗಿನಿಂದಲೇ ಬರುತ್ತದೆ. ಒಳಗೆ ಪರದೆ ಕಟ್ಟಿದರೂ ಹೆಚ್ಚು ಉಪಯೋಗವಿಲ್ಲ, ಶಾಖ ಆಗಲೇ ಗಾಜು ದಾಟಿರುತ್ತದೆ. ಗಾಜಿನ ಹೊರಗಡೆ ಇಳಿಬಿಡುವ ಪರದೆ ಹಾಕಿದರೆ 1.9 ಟನ್ನಿನ ಜಾಗದಲ್ಲಿ 1.2 ಸಾಕು, 1.5 ಟನ್ನಿನ ಒಂದೇ ಎಸಿ ನಡೆಯುತ್ತದೆ.

ಡಬ್ಬದ ಮೇಲಿನ "1.5 ಟನ್" ನೋಡಿ ಕೊಳ್ಳಬೇಡಿ. ಪೂರಾ 1.5 ಟನ್ ಎಂದರೆ 5,275 ವ್ಯಾಟ್. ಹಲವು ಮಾಡೆಲ್‌ಗಳು 5,000ಕ್ಕೂ ಕಡಿಮೆ. ಆ ಅಂಕಿಯೂ ಹೊರಗೆ 35 ಡಿಗ್ರಿ ಇದ್ದಾಗಿನದು. ಔಟ್‌ಡೋರ್ ಯೂನಿಟ್ಟನ್ನು ಕಾದ ತಾರಸಿಯಲ್ಲಿ ನೀರಿನ ಟ್ಯಾಂಕಿನ ಸಂದಿಗೆ ತುರುಕಿದರೆ ಅದು ಬಿಟ್ಟ ಬಿಸಿಗಾಳಿಯನ್ನು ಅದೇ ಮತ್ತೆ ಎಳೆದುಕೊಳ್ಳುತ್ತದೆ, ತಂಪು ಇನ್ನೂ ಕುಗ್ಗುತ್ತದೆ. ಹಿಂದೆ ಒಂದಡಿ, ಮುಂದೆ ನಾಲ್ಕಡಿ ಜಾಗ ಬಿಡಿಸಿ. ಚರಂಡಿಯ ಮೇಲೂ ಬೇಡ, ಕೊಳಚೆಯ ಗ್ಯಾಸಿಗೆ ತಾಮ್ರದ ಕಾಯಿಲ್ ಕಪ್ಪಾಗಿ ತೂತು ಬೀಳುತ್ತದೆ.

ಯಾವ ಬಗೆ? ಇಷ್ಟು ಸಣ್ಣ ಕಟ್ಟಡಕ್ಕೆ ಕೋಣೆಗೊಂದು ಇನ್ವರ್ಟರ್ ಸ್ಪ್ಲಿಟ್ (ಬೇಕಾದಷ್ಟಕ್ಕೆ ತಾನೇ ವೇಗ ಹೊಂದಿಸಿಕೊಳ್ಳುವುದು) ಎನ್ನುವುದೇ ನಮ್ಮ ಸಲಹೆ. ಒಂದು ಕೆಟ್ಟರೆ ಉಳಿದವು ನಡೆಯುತ್ತವೆ, ಬಾಡಿಗೆದಾರರ ಕರೆಂಟ್ ಬಿಲ್ಲೂ ಬೇರೆ ಬೇರೆ. ಕ್ಲಾಸ್ ರೂಮಿಗೆ 2 ಟನ್ನಿನವು ಎರಡು. ಫಾಲ್ಸ್ ಸೀಲಿಂಗ್ ಮೇಲೆ ಒಂದಡಿ ಜಾಗವಿದ್ದರೆ ಸೀಲಿಂಗಿನಲ್ಲೇ ಕೂರುವ ಕ್ಯಾಸೆಟ್ ಒಳ್ಳೆಯದು, ಗಾಳಿ ನಾಲ್ಕೂ ದಿಕ್ಕಿಗೆ ಹೋಗುತ್ತದೆ. ಕೊಳವೆಯಲ್ಲಿ ತಂಪು ಗಾಳಿ ಹಂಚುವ ಡಕ್ಟಬಲ್ ದೊಡ್ಡ ಒಂದೇ ಹಾಲ್‌ಗೆ. ಒಂದೇ ಔಟ್‌ಡೋರ್‌ನಿಂದ ಹಲವು ಇಂಡೋರ್ ಓಡಿಸುವ ವಿಆರ್‌ಎಫ್ ಹತ್ತಾರು ಕೋಣೆಯ ಲಾಡ್ಜ್, ನರ್ಸಿಂಗ್ ಹೋಮ್‌ಗೆ ಸೈ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿದ್ದವರು ನೀರು ಬಳಸುವ ವ್ಯವಸ್ಥೆಗೆ ಕೈಹಾಕುವುದು ಬೇಡ, ಒಂದೇ ಬೇಸಿಗೆಗೆ ಬಿಳಿ ಪೊರೆ ಕಟ್ಟುತ್ತದೆ.

ಹಳೆಯ ಕೊಟೇಶನ್ ಇದ್ದರೆ ಹೊಸದು ಕೇಳಿ: 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 2 ಟನ್ನಿನ ಒಂದು ಎಸಿ ಪೂರ್ತಿ ಓಡುವಾಗ ಸುಮಾರು 2 ಕಿಲೋವ್ಯಾಟ್ ಎಳೆಯುತ್ತದೆ. ಲೋಡ್ ಮೀರಿದರೆ ದಂಡ. ಮೂರು ಫೇಸ್ ಇದ್ದರೆ ಎಸಿಗಳನ್ನು ಮೂರಕ್ಕೂ ಹಂಚಿಸಿ. ಪ್ರತಿಯೊಂದಕ್ಕೂ ಪ್ರತ್ಯೇಕ 4 ಚದರ ಮಿಲಿಮೀಟರ್ ತಾಮ್ರದ ವೈರು, ಸಿ ಕರ್ವ್ ಎಂಸಿಬಿ (ಮೋಟಾರ್ ಶುರುವಾಗುವಾಗಿನ ಎಳೆತಕ್ಕೆ ಬೀಳದ ಬಗೆಯ ಬ್ರೇಕರ್), ಸರಿಯಾದ ಅರ್ತಿಂಗ್ ಬೇಕು. ಬೇಸಿಗೆಯ ಮಧ್ಯಾಹ್ನ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆದು, ಎಸಿಯ ಕೈಪಿಡಿಯಲ್ಲಿ ಹೇಳಿದ ಮಿತಿಗಿಂತ ಕೆಳಗೆ ಇಳಿಯುತ್ತಿದ್ದರೆ ಮಾತ್ರ ಸ್ಟೆಬಿಲೈಸರ್ ತನ್ನಿ.

ಒಳ್ಳೆಯ ಎಸಿಯೂ ಹಾಳಾಗುವುದು ಕೂರಿಸುವ ದಿನ. ಅಂಗಡಿಯ ಔಟ್‌ಡೋರನ್ನು ಮೇಲಿನ ತಾರಸಿಗೆ ಒಯ್ಯಬೇಡಿ, ಗ್ಯಾಸಿನ ಪೈಪು 15 ಮೀಟರ್ ದಾಟಿ ತಂಪು ಕುಗ್ಗುವ ಸಂಭವ. ಹಿಂದಿನ ಗೋಡೆಗೆ ಸ್ಟ್ಯಾಂಡ್ ಹಾಕಿಸಿ. ಪೈಪು ಕೂಡಿಸಿದ ಮೇಲೆ ನೈಟ್ರೋಜನ್ ತುಂಬಿ ಲೀಕ್ ನೋಡಬೇಕು, ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ, ಅಂದರೆ ಬಹುತೇಕ ಪೂರ್ತಿ ಖಾಲಿಯಾಗುವಷ್ಟು, ಇಳಿಸಬೇಕು. ಸ್ವಲ್ಪ ಗ್ಯಾಸ್ ಬಿಟ್ಟು "ಗಾಳಿ ಹೋಯ್ತು" ಎಂದರೆ ಒಪ್ಪಬೇಡಿ: ಒಳಗೆ ಉಳಿದ ತೇವ ಆಯಿಲ್ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರ್ ವೈಂಡಿಂಗನ್ನು ತಿನ್ನುತ್ತದೆ. ಈಗಿನ ಆರ್32 ಗ್ಯಾಸಿಗೆ ಬೆಂಕಿ ಹೊತ್ತುವ ಗುಣವೂ ಇದೆ, ಅದನ್ನು ಕೋಣೆಯೊಳಗೆ ಬಿಡಲೇಬಾರದು.

ಕೊನೆಯ ಕಂತು ಕೊಡುವ ಮುಂಚೆ ಇಂಡೋರ್ ಟ್ರೇಗೆ ಒಂದು ಚೊಂಬು ನೀರು ಸುರಿಯಿರಿ. ನಿಲ್ಲದೆ ಹೊರಗೆ ಹರಿದರೆ ಡ್ರೈನ್ ಪೈಪಿನ ಇಳಿಜಾರು ಸರಿಯಿದೆ. ಎಲ್ಲಾದರೂ ಹೊಟ್ಟೆ ಬಿದ್ದಿದ್ದರೆ ಮಳೆಗಾಲದಲ್ಲಿ ನೀರು ಗಲ್ಲಾಪೆಟ್ಟಿಗೆಯ ಮೇಲೇ ತೊಟ್ಟಿಕ್ಕುತ್ತದೆ. ಇಪ್ಪತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಒಳಗೆ ಎಳೆಯುವ ಗಾಳಿಗೂ ಬೀಸುವ ಗಾಳಿಗೂ ನಡುವಿನ ವ್ಯತ್ಯಾಸವನ್ನು ಥರ್ಮಾಮೀಟರಿನಿಂದ ಅಳೆಯಿರಿ. 8ರಿಂದ 12 ಡಿಗ್ರಿ ಬರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪೈಪು ಕೂಡಿಸುವ ಫ್ಲೇರ್ ನಟ್‌ಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಅಂತ ಎಸಿ ಕೂರಿಸಿದವರ ಎದುರಿಗೇ ನೋಡಿ.