ಮನೆಯಲ್ಲಿರುವ ಎಣ್ಣೆ ಡಬ್ಬಿಗೆ ಬೀಗ: ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ಹೇಗೆ?

ಹಾವೇರಿ, ಗದಗ ಕಡೆ ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ ವಿಷ, ಇದ್ದೇ ಇರುತ್ತದೆ. ಹೊಡೆದು ಉಳಿದದ್ದು ಮನೆಯ ಮೂಲೆಯಲ್ಲೇ ಕೂತಿರುತ್ತದೆ. ಸಾಯಬೇಕು ಅನ್ನಿಸುವ ಗಳಿಗೆ ಬಹಳ ಮಂದಿಗೆ ಸ್ವಲ್ಪ ಹೊತ್ತಿನದು. ಆಗ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಜಾಸ್ತಿ. ಈ ಮಾತನ್ನು ಮನೆಮನೆಗೆ ಮುಟ್ಟಿಸುವವರನ್ನು ತಯಾರು ಮಾಡಬೇಕು.

ಮೊದಲು ಯಾರನ್ನು ಕೂರಿಸಬೇಕು ನೋಡಿ. ಆಶಾ ಕಾರ್ಯಕರ್ತೆಯರು, ಆರೋಗ್ಯ ಕೇಂದ್ರದ ನರ್ಸ್‌ಗಳ ಜೊತೆ ರೈತ ಸಂಪರ್ಕ ಕೇಂದ್ರದವರೂ ಇರಲಿ. ಗೊಬ್ಬರದ ಅಂಗಡಿಯವರನ್ನಂತೂ ಬಿಡಲೇಬೇಡಿ. ಮುಖ ಬಾಡಿಸಿಕೊಂಡು ಬಂದವರನ್ನು ಕೌಂಟರಿನಲ್ಲಿ ನೋಡುವವರು ಅವರೇ. ಪಾಠ ಹೇಳಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೆ.

ಮೊದಲ ಅರ್ಧ ತಾಸು ಅಂಜಿಕೆ ಬಿಡಿಸಲು ಇಡಿ. ಸಾಯುವ ಯೋಚನೆ ಬಂದಿದೆಯಾ ಎಂದು ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಎಷ್ಟೋ ಜನಕ್ಕೆ ಯಾರೋ ಕೇಳಿದರಲ್ಲ ಎಂದು ಮನಸ್ಸು ಹಗುರಾಗುತ್ತದೆ. ಪೊಲೀಸ್ ಕೇಸ್ ಆದೀತೆಂದು ಮನೆಯವರು ವಿಷಯ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು. ಅವರಿಗೆ ಬೇಕಾದದ್ದು ಆರೈಕೆ. ಇದನ್ನು ಬಿಡಿಸಿ ಹೇಳಿ.

ಉಳಿದ ಹೊತ್ತಿನಲ್ಲಿ ಹೆಚ್ಚಿನದು ಮಾತಿನ ಅಭ್ಯಾಸಕ್ಕೇ ಹೋಗಬೇಕು. ಸುಮ್ನೆ ಸ್ಲೈಡ್ ತೋರಿಸಿ ಚಹಾ ಕೊಟ್ಟು ಕಳಿಸಿದರೆ ಏನೂ ಆಗುವುದಿಲ್ಲ. ಇಬ್ಬಿಬ್ಬರನ್ನು ಕೂರಿಸಿ. ಒಬ್ಬರು ಸಾಲದ ಚಿಂತೆಯಲ್ಲಿ ಮಾತು ಬಿಟ್ಟಿರುವ ಹಿರಿಯರಾಗಲಿ, ಇನ್ನೊಬ್ಬರು ಆಶಾ.

“ಕಾಕಾ, ಇತ್ತೀಚಿಗೆ ಸಾಯೋ ವಿಚಾರ ಏನರ ಬಂದೈತೇನ್ರಿ?”

“ಬರತೈತವಾ, ಒಮ್ಮೊಮ್ಮೆ.”

“ಹೇಳಿದ್ದು ಚಲೋ ಆತ್ರಿ. ಎಣ್ಣಿ ಡಬ್ಬಿ ಎಲ್ಲಿ ಇಟ್ಟೀರಿ? ನೀವು ಸುಧಾರಿಸೋ ತನಕ ಅದು ಮನ್ಯಾಗ ಬ್ಯಾಡ್ರಿ. ಕಾಕೂ ಜೋಡಿನೂ ಮಾತಾಡೂಣೇನ್ರಿ?”

ಮೊದಲ ಸಲ ಬಾಯಿ ತೊದಲುತ್ತದೆ. ಮೂರನೇ ಸಲಕ್ಕೆ ಸರಾಗ. ಬೈಯುವುದು, “ಮಕ್ಕಳ ಮುಖ ನೋಡ್ರಿ” ಎಂದು ಉಪದೇಶ ಮಾಡುವುದು ಬೇಡ. “ಬರತೈತಿ” ಎಂಬ ಉತ್ತರ ಬಂದಾಗ ಅವರನ್ನು ಒಬ್ಬರೇ ಬಿಟ್ಟು ಬರಬಾರದು ಎಂಬುದನ್ನೂ ಇಲ್ಲೇ ಕಲಿಸಿ.

ಆಮೇಲೆ ಬೀಗದ ಮಾತು. ಶ್ರೀಲಂಕಾದ 180 ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮನೆಗಳಿಗೆ ಬೀಗದ ಪೆಟ್ಟಿಗೆ ಕೊಟ್ಟರೂ ವಿಷ ಸೇವನೆ ಕಡಿಮೆಯಾದದ್ದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ಹಾಗಾಗಿ ಪೆಟ್ಟಿಗೆ ಹಂಚಿ ಕೈ ತೊಳೆದುಕೊಳ್ಳಬೇಡಿ. ಕೀಲಿ ಯಾರ ಹತ್ತಿರ? ಸಂಕಟದಲ್ಲಿರುವವರ ಕೈಯಲ್ಲೇ ಇದ್ದರೆ ಬೀಗ ಹಾಕಿ ಏನು ಪ್ರಯೋಜನ, ಅಲ್ವಾ? ಡಬ್ಬಿಯನ್ನು ಮನೆಯಿಂದಲೇ ಹೊರಗೆ, ನಂಬಿಕಸ್ಥರ ಹತ್ತಿರ ಬೀಗದಲ್ಲಿ ಇಡಿಸುವುದು ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಬೇಕಾದಷ್ಟೇ ಕೊಂಡರೆ ಉಳಿಯುವ ಮಾತೇ ಇಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಊರಿಗೇ ಒಂದು ಲಾಕರ್ ಕೋಣೆ ಮಾಡಿ ನೋಡಿದ್ದಾರೆ. ನಮ್ಮ ಪಂಚಾಯಿತಿಗಳೂ ಯೋಚಿಸಬಹುದು.

ಹುಬ್ಬಳ್ಳಿಯಂಥ ಊರಲ್ಲಿ ಮನೆಯ ಮಾತ್ರೆಗಳಿಗೂ ಇದೇ ಮಾತು.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಎಲ್ಲರ ಫೋನಿನಲ್ಲೂ ಇರಲಿ. ಅದು ಹಗಲು ರಾತ್ರಿ ಸಿಗುತ್ತದೆ, ಉಚಿತ. ಯಾರಾದರೂ ವಿಷ ಕುಡಿದಿದ್ದರೆ ವಾಂತಿ ಮಾಡಿಸದೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ಡಬ್ಬಿ ಎತ್ತಿಸಿದ ಮನೆಗೆ ವಾರದೊಳಗೆ ಮತ್ತೆ ಹೋಗಲು ಹೇಳಿ. ಎಣ್ಣೆ ಹೊಡೆಯುವ ದಿನ ಬಂದಾಗ ಅದು ಮನೆಗೆ ವಾಪಸ್ ಬರುತ್ತದೆ. ಹೊಡೆದಾದ ಮೇಲೆ ಎಲ್ಲಿಗೆ ಹೋಯಿತು ಎಂದು ಆವತ್ತೇ ಕೇಳಬೇಕು.