ಎರಡು ಕೋಟ್ ಗುರುತು ಹಿಡಿದುಕೊಟ್ಟ ಸ್ಲೋ ಲಾಗ್

"ಸ್ಲೋ ಲಾಗನ್ನು ರೆಜೆಕ್ಸ್‌ನಲ್ಲಿ ಬಿಡಿಸೋಕೆ ಆಗಲ್ಲ, ಸುಮ್ನೆ ಟೈಮ್ ವೇಸ್ಟು" ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಸ್ಲೋ ಲಾಗ್ ಅಂದರೆ ನಿಧಾನವಾಗಿ ಓಡಿದ ಕ್ವೆರಿಗಳನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಡೇಟಾಬೇಸ್ ಬರೆದಿಡುವ ಫೈಲು. ರೆಜೆಕ್ಸ್ ಅಂದರೆ ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕ್ಲೈಂಟ್ ಸರ್ವರ್‌ನಲ್ಲಿದ್ದದ್ದು ಮೈಎಸ್‌ಕ್ಯೂಎಲ್ ಡೇಟಾಬೇಸಿನ 5.6 ಆವೃತ್ತಿ. ಹೊಸ ಟೂಲ್ ಯಾವುದನ್ನೂ ಹಾಕುವ ಹಾಗಿರಲಿಲ್ಲ. ಜೊತೆಗೇ ಬರುವ ಮೈಎಸ್‌ಕ್ಯೂಎಲ್‌ಡಂಪ್‌ಸ್ಲೋ ಎಂಬ ಟೂಲ್ ಲಾಗಿನ ಒಟ್ಟು ಲೆಕ್ಕ ಕೊಡುತ್ತದೆ, ನನಗೆ ಬೇಕಿದ್ದದ್ದು ಗಂಟೆ ಗಂಟೆಯ ಲೆಕ್ಕ. ಅತ್ತ ಮ್ಯಾನೇಜರ್ ದೊಡ್ಡ ಸರ್ವರ್ ತಗೊಳ್ಳೋಣ ಅಂತಿದ್ದರು. ತಿಂಗಳಿಗೆ ಸುಮಾರು 40 ಸಾವಿರ ಜಾಸ್ತಿ.

ಮೊದಲು '# ಟೈಮ್' ಸಾಲು ಬಂದಲ್ಲೆಲ್ಲ ಎಂಟ್ರಿ ಕತ್ತರಿಸಿದೆ. ತಪ್ಪಾಗಿದ್ದೇ ಅಲ್ಲಿ. 5.6ರಲ್ಲಿ ಸೆಕೆಂಡ್ ಬದಲಾದರೆ ಮಾತ್ರ ಆ ಸಾಲು ಬರುತ್ತದೆ. ಒಂದೇ ಸೆಕೆಂಡಿನ ಏಳೆಂಟು ಕ್ವೆರಿ ಅಂಟಿಕೊಂಡು ಒಂದೇ ಆದವು. ಎರಡು ದಿನ ಆ ಲೆಕ್ಕವನ್ನೇ ನಂಬಿದ್ದೆ. ಈಗ '# ಯೂಸರ್@ಹೋಸ್ಟ್' ಸಾಲಿನಿಂದ ಎಂಟ್ರಿ ಶುರು. ಸಮಯಕ್ಕೆ 'ಸೆಟ್ ಟೈಮ್‌ಸ್ಟ್ಯಾಂಪ್' ಸಾಲು ನೋಡುತ್ತೇನೆ.

ಆಮೇಲೆ 2 ಜಿಬಿ ಫೈಲಿಗೆ ಒಂದೇ ಉದ್ದದ ಪ್ಯಾಟರ್ನ್, ನಡುನಡುವೆ .*? ('ನಡುವೆ ಏನಿದ್ದರೂ ಸರಿ' ಅನ್ನುವ ಗುರುತು) ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಇನ್ನೂ ಓಡುತ್ತಲೇ ಇತ್ತು. ಅದನ್ನು ಬಿಟ್ಟು ಸಾಲು ಸಾಲಾಗಿ ಓದಿಸಿದೆ. ನಾಲ್ಕೈದು ನಿಮಿಷಕ್ಕೆ ಮುಗಿಯಿತು.

ಒಂದೇ ಥರದ ಕ್ವೆರಿಗಳನ್ನು ಒಟ್ಟಿಗೆ ಎಣಿಸಲು, ಕ್ವೆರಿಯೊಳಗಿನ ಸ್ಟ್ರಿಂಗ್ (ಕೋಟ್ ಒಳಗಿನ ಪಠ್ಯ) ಬದಲು ಒಂದು ಗುರುತು, ಅಂಕಿ ಬದಲು ಬೇರೆ ಗುರುತು ಇಟ್ಟೆ. ಸ್ಟ್ರಿಂಗ್ ಹಿಡಿಯಲು '(?:[^'\\]|\\.)*' ನನಗೆ ಸಾಕಾಯ್ತು. ಉದ್ದದ 'ಇನ್' ಪಟ್ಟಿಯನ್ನು (ಕ್ವೆರಿ ಒಟ್ಟಿಗೆ ಹುಡುಕುವ ಮೌಲ್ಯಗಳ ಸಾಲನ್ನು) ಒಂದೇ ಗುರುತಿಗೆ ಇಳಿಸುವ ಸಾಲು ಮಾತ್ರ ನನ್ನ ಹತ್ತಿರವೇ ಇರಲಿ.

ಸುಮ್ನೆ ನೋಡೋಣ ಅಂತ ಅರ್ಧ ಗಂಟೆ ಲಾಂಗ್ ಕ್ವೆರಿ ಟೈಮ್ (ಎಷ್ಟು ಸೆಕೆಂಡ್ ಮೀರಿದ ಕ್ವೆರಿ ಲಾಗ್‌ಗೆ ಸೇರಬೇಕು ಅನ್ನುವ ಮಿತಿ) 0 ಮಾಡಿದೆ. ಇಡೀ ಸರ್ವರಿಗೆ (ಗ್ಲೋಬಲ್) ಬದಲಿಸಿದರೂ ಹಳೆಯ ಕನೆಕ್ಷನ್‌ಗಳಿಗೆ ತಾಗಲ್ಲ, ಆ್ಯಪ್ ತೆರೆದಿಟ್ಟುಕೊಂಡಿರುವ ಕನೆಕ್ಷನ್‌ಗಳ ಪೂಲ್ ರೀಸ್ಟಾರ್ಟ್ ಮಾಡಬೇಕಾಯ್ತು. ಲಾಗ್ ಊದಿಕೊಂಡಿತು, ಆದರೆ ಕಳ್ಳ ಅಲ್ಲೇ ಸಿಕ್ಕ. ಮೊಬೈಲ್ ನಂಬರಿನಿಂದ ಗ್ರಾಹಕರನ್ನು ಹುಡುಕುವ ಒಂದೇ ಕ್ವೆರಿ ಎರಡು ರೂಪದಲ್ಲಿ ಬಂದಿತ್ತು. ಸ್ಟ್ರಿಂಗ್ ಗುರುತಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಅಂಕಿ ಗುರುತಿನದಕ್ಕೆ 11-12 ಸೆಕೆಂಡು, ಒಂದು ಸಾಲಿನ ಉತ್ತರಕ್ಕೆ 30 ಲಕ್ಷ ಸಾಲು ಜಾಲಾಡುತ್ತಿತ್ತು! ಕಾಲಮ್ ವಾರ್‌ಚಾರ್ (ಪಠ್ಯ ಇಡುವ ಬಗೆ), ಆ್ಯಪ್‌ನ ಒಂದು ಕಡೆ ನಂಬರಿಗೆ ಕೋಟ್ ಹಾಕಿರಲಿಲ್ಲ. ಹಾಗಾಗಿ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಇದ್ದೂ ಬಳಕೆಯಾಗುತ್ತಿರಲಿಲ್ಲ.

ಕೋಟ್ ಹಾಕಿಸಿದೆ. ದೊಡ್ಡ ಸರ್ವರಿನ ಮಾತು ಅಲ್ಲಿಗೇ ನಿಂತಿತು. ಮೊನ್ನೆ ಅದೇ ಟೀಮಿನವರು ಪೋಸ್ಟ್‌ಗ್ರೆಸ್ ಎಂಬ ಬೇರೆ ಡೇಟಾಬೇಸಿನ ಲಾಗ್ ಕಳಿಸಿ "ಇದನ್ನೂ ನೋಡ್ತೀಯಾ?" ಅಂದರು. ಅದರ ಲೈನ್ ಪ್ರಿಫಿಕ್ಸ್ (ಪ್ರತಿ ಸಾಲಿನ ಶುರುವಿನ ಭಾಗ) ಒಂದೊಂದು ಸರ್ವರಿನಲ್ಲಿ ಒಂದೊಂದು ಥರ. ಸದ್ಯ ಅರ್ಧ ಆಗಿದೆ.